ಅಕ್ಕ ಬಂದರೆ ಮೊದಲು ಊಟ

ಆ ಗ್ಯಾರೇಜಿಗೆ ನಿಯಮಗಳು ಬಹಳವೇನೂ ಇರಲಿಲ್ಲ. ಸಿಗರೇಟು ಸೇದುವವರು ಗೇಟಿನಾಚೆ ಸೇದಬೇಕು, ತೆಗೆದ ಸ್ಪ್ಯಾನರನ್ನು ತೆಗೆದವರೇ ವಾಪಸ್ ಇಡಬೇಕು, ಗಾಡಿಯ ಯಜಮಾನರು ಬಾನೆಟ್ಟಿನೊಳಗೆ ತಲೆ ತೂರಿಸಿ ಬುದ್ಧಿ ಹೇಳಬಾರದು. ಇವೆಲ್ಲ ದಿನಾ ಮುರಿಯುತ್ತಿದ್ದವು, ಬಿಡಿ. ಮುರಿಯದೆ ಉಳಿದಿದ್ದ ನಿಯಮ ಒಂದೇ. ಅಕ್ಕ ಬಂದರೆ ಮೊದಲು ಊಟ, ಮಿಕ್ಕಿದ್ದೆಲ್ಲ ಆಮೇಲೆ.

ಅಕ್ಕ ಅಂದರೆ ಮೆಕ್ಯಾನಿಕನ ಸ್ವಂತ ಅಕ್ಕ. ಊರಿಗೆಲ್ಲ ಟೀಚರಕ್ಕ. ಪಾಠ ಹೇಳಿದ್ದು ಶಾಲೆಯಲ್ಲಲ್ಲ, ರಸ್ತೆಯಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಬೈದು ಬೈದು ಕಲಿಸಿದವಳು. ತಮ್ಮನೂ ಹಾಗೇ ಬೈಸಿಕೊಂಡು ಕಲಿತವನು. ಈಗ ಅವನ ತಲೆಯಲ್ಲಿ ಕೂದಲಿಲ್ಲ, ಮೀಸೆಯಲ್ಲಿ ಕಪ್ಪಿಲ್ಲ, ಆದರೂ ಅಕ್ಕನ ಬಾಯಲ್ಲಿ ಅವನು ಪುಟ್ಟನೇ. ಅದನ್ನು ಕೇಳಿ ಕೇಳಿ ಗಿರಾಕಿಗಳ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು.

ಊಟದ ನಿಯಮಕ್ಕೂ ಒಂದು ಕಾರಣವಿತ್ತು. ಅಮ್ಮ ತೀರಿಕೊಂಡ ಮೇಲೆ ಪುಟ್ಟನನ್ನು ಸಾಕಿದವಳು ಈ ಅಕ್ಕ. ಇದ್ದುದನ್ನೆಲ್ಲ ಅವನ ತಟ್ಟೆಗೆ ಬಡಿಸಿ, ‘ನಂದು ಆಗಲೇ ಆಯ್ತು’ ಎಂದು ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದಳು. ಹುಡುಗ ನಂಬುತ್ತಿದ್ದ. ಅದು ಸುಳ್ಳೆಂದು ತಿಳಿಯುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಅಂದಿನಿಂದ ಅಕ್ಕ ಅವನ ಮನೆಗೆ ಬಂದು ಹಸಿದುಕೊಂಡು ಹೋದದ್ದು ಒಂದು ದಿನವೂ ಇಲ್ಲ. ಗ್ಯಾರೇಜಿನ ಹಿಂದಿನ ಬಾಗಿಲು ನೇರ ಅಡುಗೆಮನೆಗೆ ತೆರೆಯುತ್ತದೆ. ಅವಳ ಹಾರ್ನು ಕೇಳಿಸಿದರೆ ಸಾಕು, ಪುಟ್ಟನ ಹೆಂಡತಿ ಒಲೆ ಹೊತ್ತಿಸುತ್ತಾಳೆ. ಊಟ, ಆಮೇಲೆ ಚಹಾ, ಆಮೇಲೆ ಒಂದು ಗಳಿಗೆ ಅಡ್ಡಾಗುವುದು, ಆಮೇಲೆ ಇನ್ನೊಂದು ಚಹಾ. ಇಷ್ಟೆಲ್ಲ ಆಗಿ ಅಕ್ಕ ಬಾಯಿ ಒರೆಸಿಕೊಂಡ ಮೇಲೇ ಪುಟ್ಟ ಅವಳ ಗಾಡಿ ಮುಟ್ಟುವುದು.

ಮಂಡಿ ನೋವು ಜಾಸ್ತಿಯಾದ ಮೇಲೆ ಟೀಚರಕ್ಕ ಕ್ಲಚ್ಚಿನ ಸಹವಾಸ ಬಿಟ್ಟು ಆಟೋಮ್ಯಾಟಿಕ್ ಕಾರು ತೆಗೆದುಕೊಂಡಿದ್ದಳು. ಹಳೇ ಗಾಡಿಯೇ, ಆದರೆ ಪುಟ್ಟನೇ ಹುಡುಕಿ, ಅಡಿಯಿಂದ ಮುಡಿವರೆಗೆ ತಡಕಾಡಿ ಕೊಡಿಸಿದ್ದು. ಅದರಲ್ಲಿ ದಿನವೂ ಸಂಜೆ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ಅವಳ ಕೆಲಸ. ಕೆಲಸ ಅಂದರೆ ಕೆಲಸವೇ. ಮಧ್ಯಾಹ್ನದಿಂದಲೇ ಸೀರೆ ಬದಲಾಯಿಸಿ, ಗಾಜು ಒರೆಸಿ, ಊರೆಲ್ಲ ಒಂದು ಸುತ್ತು ಹಾಕಿ, ಶಾಲೆಯ ಗಂಟೆ ಹೊಡೆಯುವ ಮೊದಲೇ ಗೇಟಿನ ಎದುರು ಹಾಜರು. ಅಜ್ಜಿ ಮೊಮ್ಮಗಳು ಮನೆಗೆ ನೇರ ದಾರಿಯಲ್ಲಿ ಬಂದದ್ದನ್ನು ಯಾರೂ ನೋಡಿಲ್ಲ. ಸುತ್ತಿ ಬಳಸಿ ಬರುತ್ತಾ ಇಬ್ಬರೂ ಪ್ರಪಂಚದ ಮಾತೆಲ್ಲ ಆಡಿ ಮುಗಿಸುತ್ತಿದ್ದರು.

ಈಗ ಕೆಲವು ವಾರಗಳಿಂದ ಆ ಗಾಡಿಗೆ ಏನೋ ಬಡಿದಿತ್ತು. ಗಾಡಿಗೋ, ಓಡಿಸುವವಳಿಗೋ ಎಂಬುದೇ ಪ್ರಶ್ನೆ. ಒಮ್ಮೆ ಶಾಲೆಯ ಕೆಳಗಿನ ಚೌಕದಲ್ಲಿ ಇಂಜಿನ್ನು ಇದ್ದಕ್ಕಿದ್ದಂತೆ ಕಿರುಚಿಕೊಂಡಿತು, ಗಾಡಿ ಮಾತ್ರ ಎಳೆಯಲಿಲ್ಲ. ಹಿಂದಿದ್ದ ಲಾರಿ ಕರ್ಕಶವಾಗಿ ಬ್ರೇಕು ಹಾಕಿತು. ಅಷ್ಟರಲ್ಲಿ ಕಾರು ಧಡ್ಡನೆ ಮುಂದಕ್ಕೆ ಹಾರಿತು, ಟೀಚರಕ್ಕ ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಸೀಟಿನಲ್ಲಿದ್ದ ಮೊಮ್ಮಗಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಸಣ್ಣ ಗಾಯ. ಮಗು ಮರುದಿನವೇ ಮರೆತಳು. ಮಗುವಿನ ತಾಯಿ, ಅಂದರೆ ಟೀಚರಕ್ಕನ ಮಗಳು, ಮರೆಯಲಿಲ್ಲ. ಯಾವ ತಾಯಿ ತಾನೇ ಮರೆತಾಳು.

ಅಳಿಯ ಬೆಳಿಗ್ಗೆ ಎದ್ದು ಕಾರನ್ನು ಬೀದಿಯಲ್ಲಿ ಸುತ್ತಾಡಿಸಿ ನೋಡಿದ. ಬೆಣ್ಣೆಯ ಹಾಗೆ ಓಡಿತು. ಮಗಳೂ ನೋಡಿದಳು, ಅದೇ ಬೆಣ್ಣೆ. ಹಾಗಾದರೆ ಅಮ್ಮನೇ ಬ್ರೇಕು, ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ತುಳಿಯುತ್ತಿದ್ದಾಳೆ, ವಯಸ್ಸಾಯಿತಲ್ಲ, ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಂದಿನಿಂದ ಮಗು ಶಾಲೆಯ ವ್ಯಾನಿನಲ್ಲಿ ಬರತೊಡಗಿದಳು. ಟೀಚರಕ್ಕ ಮಧ್ಯಾಹ್ನದ ಹೊತ್ತಿಗೆ ಸೀರೆ ಬದಲಾಯಿಸಿ ಸುಮ್ಮನೆ ಕಿಟಕಿಯ ಬಳಿ ಕೂರತೊಡಗಿದಳು.

ಪುಟ್ಟನಲ್ಲಿಗೆ ಆ ಕಾರು ಎರಡು ಸಲ ಬಂದಿತ್ತು. ಎರಡು ಸಲವೂ ಊಟ, ಚಹಾ, ನಿದ್ದೆ, ಚಹಾ. ಆಮೇಲೆ ಅವನು ಗೇರ್‌ಬಾಕ್ಸಿನ ಎಣ್ಣೆಯ ಕಡ್ಡಿ ಎಳೆದು ಮೂಸಿ ನೋಡಿದ. ಕೆಂಪಗಿತ್ತು, ಸುಟ್ಟ ವಾಸನೆಯಿಲ್ಲ. ಸ್ಕ್ಯಾನರು ಚುಚ್ಚಿ ಕಾರಿನ ಕಂಪ್ಯೂಟರನ್ನು ಕೇಳಿದ. ಎಲ್ಲ ಸರಿಯಿದೆ ಎಂದಿತು. ಮಾರುಕಟ್ಟೆಯವರೆಗೆ ಓಡಿಸಿಕೊಂಡು ಬಂದ. ಒಂದನೇ ಗೇರು, ಎರಡು, ಮೂರು, ಬಿದ್ದದ್ದೇ ಗೊತ್ತಾಗದ ಹಾಗೆ ಬಿದ್ದವು. ಎರಡನೇ ಸಲ ಗೇರ್‌ಬಾಕ್ಸಿನ ಪಕ್ಕದ ಕನೆಕ್ಟರು ಬಿಚ್ಚಿ ಮೀಟರು ಹಿಡಿದು ವೈರುಗಳನ್ನೂ ನೋಡಿದ. ಅಲ್ಲೂ ತಂಟೆಯಿಲ್ಲ.

ಎರಡನೇ ಸಲ ಅಕ್ಕನಿಗೆ ‘ಗಾಡಿ ಚೆನ್ನಾಗೇ ಇದೆ’ ಎಂದು ಹೇಳುವಾಗ ಅವನು ಕೈಯಲ್ಲಿದ್ದ ಮೀಟರನ್ನೇ ನೋಡುತ್ತಿದ್ದ. ಅವಳು ಅವನ ಮುಖವನ್ನೇ ನೋಡಿ, ‘ಹಾಗಾದ್ರೆ ಸರಿ’ ಎಂದಷ್ಟೇ ಹೇಳಿ ಹೊರಟಳು. ಅಂದಿನಿಂದ ಪುಟ್ಟನಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತು. ಅಕ್ಕ ಚಹಾ ಲೋಟ ಎತ್ತುವಾಗ ಕೈ ನಡುಗುತ್ತದೆಯೇ, ಮೆಟ್ಟಿಲು ಇಳಿಯುವಾಗ ಕಾಲು ತಡವರಿಸುತ್ತದೆಯೇ ಎಂದು ಕಳ್ಳನ ಹಾಗೆ ನೋಡುವುದು. ಹುಡುಕಿದರೆ ಏನು ತಾನೇ ಸಿಗುವುದಿಲ್ಲ? ಸಿಕ್ಕಿತು. ಸಿಕ್ಕಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಹೀಗಿರುವಾಗ ಅಕ್ಕನ ಮಗಳು ಫೋನು ಮಾಡಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ದಣಿವಿತ್ತು.

“ಮಾವ, ನಾನು ಹೇಳಿದ್ರೆ ರಂಪ ಆಗುತ್ತೆ. ನೀವು ಹೇಳಿದ್ರೆ ಅಮ್ಮ ಕೇಳ್ತಾಳೆ. ನಾಳೆ ಅಮ್ಮ ಗಾಡಿ ತರ್ತಾಳೆ, ಇನ್ನೊಂದು ಸಲ ನೋಡಿ. ಈ ಸಲನೂ ಗಾಡಿಯಲ್ಲಿ ಏನೂ ಸಿಗಲಿಲ್ಲ ಅಂದ್ರೆ, ಕೀ ನೀವೇ ಇಸ್ಕೊಂಡುಬಿಡಿ. ಸಂಜೆ ನಾನು ಬಂದು ಅವಳನ್ನ ಕರ್ಕೊಂಡು ಹೋಗ್ತೀನಿ.”

ಪುಟ್ಟ ಹೂಂ ಅಂದ. ಬೇರೆ ಏನು ಹೇಳಲಿಕ್ಕಿತ್ತು? ರಸ್ತೆಯಲ್ಲಿ ಮಗುವಿದೆ, ಲಾರಿಗಳಿವೆ. ಆದರೆ ಊರಿಗೇ ಕಾರು ಕಲಿಸಿದವಳ ಕೈಯಿಂದ ಕೀ ಇಸಿದುಕೊಳ್ಳುವ ಪಾಪ ತನ್ನ ತಲೆಗೇ ಬರಬೇಕಿತ್ತೇ ಎಂದು ಇಡೀ ದಿನ ಒದ್ದಾಡಿದ. ಹೆಂಡತಿಗೆ ಮಾತ್ರ ಹೇಳಿದ. ಅವಳು, ನಾಳೆ ಅಕ್ಕನಿಗೆ ಇಷ್ಟವಾದದ್ದೆಲ್ಲ ಮಾಡುತ್ತೇನೆ, ಹೊಟ್ಟೆ ತುಂಬ ಉಂಡ ಮೇಲೆ ಹೇಳಿ, ಎಂದಳು. ಗಂಡ ಹೆಂಡತಿಗೆ ಬೇರೆ ಔಷಧವೇ ಗೊತ್ತಿರಲಿಲ್ಲ ನೋಡಿ.

ಮರುದಿನ ಉರಿಬಿಸಿಲಿನಲ್ಲಿ ಟೀಚರಕ್ಕ ಬಂದಳು. ಹಾರ್ನು ಹೊಡೆಯಲಿಲ್ಲ. ಊರಿನ ಆ ತುದಿಯಿಂದ ಈ ತುದಿಗೆ, ಎಲ್ಲ ಸಿಗ್ನಲ್ಲುಗಳಲ್ಲೂ ನಿಂತು ನಿಂತು ಬಂದ ಗಾಡಿ ಗೇಟಿನ ಎದುರು ಬುಸುಗುಡುತ್ತಿತ್ತು. ಅದಕ್ಕಿಂತ ಜಾಸ್ತಿ ಬುಸುಗುಡುತ್ತಿದ್ದವಳು ಒಳಗಿದ್ದವಳು. ಬೆಳಿಗ್ಗೆ ಮಗಳು ಬಾಯಿ ತಪ್ಪಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಪುಟ್ಟ ಕೈ ಒರೆಸಿಕೊಂಡು ಓಡಿಬಂದು ಬಾಗಿಲು ತೆರೆದ. ಎಂದಿನಂತೆ, ಗಾಡಿ ಎಲ್ಲಿಗೂ ಓಡಿಹೋಗುವುದಿಲ್ಲ, ಊಟ ತಣ್ಣಗಾಗುತ್ತದೆ, ಇಳಿ ಎಂದ. ಅವಳು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಕರೆದಳು. ಅದಕ್ಕೂ ಬಗ್ಗಲಿಲ್ಲ. ಇಂಜಿನ್ನನ್ನೂ ನಿಲ್ಲಿಸಲಿಲ್ಲ.

“ನನ್ನ ಕೈಯಿಂದ ಕೀ ಕಿತ್ಕೊಳ್ಳೋ ಮನೇಲಿ ನಾನು ಊಟ ಮಾಡಲ್ಲ. ಹತ್ತು. ನೀನೇ ಓಡಿಸು. ನಾನು ಪಕ್ಕದಲ್ಲಿ ಕೂತ್ಕೋತೀನಿ.”

ಎಂದವಳೇ ಇಳಿದು, ಗಾಡಿ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ, ಅಂದರೆ ಜೀವಮಾನವೆಲ್ಲ ತಾನು ಕೂತಿದ್ದ ಜಾಗದಲ್ಲಿ, ಕೂತಳು. ಪುಟ್ಟ ಹೆಂಡತಿಯ ಮುಖ ನೋಡಿದ, ಸೌಟು ನೋಡಿದ, ಸ್ಟೀರಿಂಗಿನ ಹಿಂದೆ ಹತ್ತಿದ. ಅವನು ಆ ನಿಯಮ ಮುರಿದದ್ದು ಅದೇ ಮೊದಲು.

ಕನ್ನಡಿ ಸರಿ ಮಾಡಿಕೋ, ಬೆಲ್ಟು ಹಾಕಿಕೋ, ಬಾಯಿ ಮುಚ್ಚಿಕೋ ಎಂದು ಮೂರೂ ಅಪ್ಪಣೆ ಒಟ್ಟಿಗೇ ಬಂದವು. ಪುಟ್ಟ ಎಲ್ಲವನ್ನೂ ಪಾಲಿಸಿದ. ಮೊದಲ ಬೀದಿಯಲ್ಲಿ ಗಾಡಿ ಸರಿಯಾಗೇ ಓಡಿತು. ಗಾಡಿ ಕೆಡಲಪ್ಪಾ ಎಂದು ಬೇಡಿಕೊಂಡ ಮೆಕ್ಯಾನಿಕ್ಕು ಊರಲ್ಲಿ ಬೇರೆ ಯಾರಾದರೂ ಇದ್ದನೋ ಇಲ್ಲವೋ, ಪುಟ್ಟ ಮಾತ್ರ ಅಂದು ಮನಸಾರೆ ಬೇಡಿಕೊಂಡ. ಚೌಕದ ಸಿಗ್ನಲ್ಲಿನಲ್ಲಿ ನಿಂತರು. ಹಸಿರು ಬಂತು. ಏರು ರಸ್ತೆ. ಒಂದನೇ ಗೇರಿನಿಂದ ಎರಡಕ್ಕೆ ಹೋಯಿತು. ಎರಡರಿಂದ ಮೂರಕ್ಕೆ ಹೋಗಬೇಕಾದಲ್ಲಿ ಇಂಜಿನ್ನು ಕಿರುಚಿತು, ಚಕ್ರಗಳಿಗೆ ಏನೂ ತಲುಪಲಿಲ್ಲ. ಗಾಡಿ ತೇಲಿದ ಹಾಗಾಯಿತು. ಆಮೇಲೆ ಧಡ್ಡನೆ ಒಂದು ಒದೆತ. ಇಬ್ಬರ ತಲೆಯೂ ಹಿಂದಕ್ಕೆ ಬಡಿಯಿತು.

ಟೀಚರಕ್ಕ ಎರಡೂ ಪಾದಗಳನ್ನು ಸೀಟಿನ ಮೇಲಕ್ಕೆತ್ತಿ, ಸೀರೆ ಸರಿಸಿ ತೋರಿಸಿದಳು.

“ನೋಡ್ಕೋ. ನನ್ನ ಕಾಲು ಎರಡೂ ಇಲ್ಲಿವೆ.”

ಪುಟ್ಟ ನಕ್ಕ. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು. ರಸ್ತೆ ನೋಡಿಕೊಂಡು ಓಡಿಸು ಎಂದು ಬೈಸಿಕೊಂಡ. ಇನ್ನೊಂದು ಏರು ಹತ್ತಿಸಿದ, ಅಲ್ಲೂ ಕಿರುಚಿತು. ಇನ್ನೊಂದರಲ್ಲೂ ಅಷ್ಟೇ. ಪ್ರತಿ ಸಲ ಒದೆತ ಬಿದ್ದಾಗಲೂ ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿ ಬಹುಮಾನ ಬಂದವರಂತೆ ತಲೆಯಾಡಿಸುತ್ತಿದ್ದರು.

ಗ್ಯಾರೇಜಿಗೆ ವಾಪಸು ಬಂದವನೇ ಗಾಡಿಯನ್ನು ಲಿಫ್ಟಿನ ಮೇಲೆ ಹತ್ತಿಸಿ ಮೇಲಕ್ಕೆತ್ತಿದ. ಹೆಂಡತಿ ಬಾಗಿಲಲ್ಲಿ ನಿಂತು ಊಟ ಎಂದಳು. ಊಟ ಇರಲಿ, ಎಂದ. ಅವಳು ಗಾಬರಿಯಾಗಿ ಅತ್ತಿಗೆಯ ಕಡೆ ನೋಡಿದಳು, ಯಾರಿಗಾದರೂ ಹುಷಾರಿಲ್ಲವೇನೋ ಎಂಬಂತೆ.

ಕಾರಿನಡಿ ನಿಂತರೆ ಗೇರ್‌ಬಾಕ್ಸಿನ ಕಾವು ಮುಖಕ್ಕೆ ರಾಚುತ್ತಿತ್ತು. ಅದರ ಹೊಟ್ಟೆಯೊಳಗೆ ಬೆರಳಿನಷ್ಟು ದಪ್ಪದ ಎರಡು ಸೊಲೆನಾಯ್ಡುಗಳಿರುತ್ತವೆ ಎಂದು ಪುಟ್ಟ ಅಕ್ಕನಿಗೆ ಹೇಳಿದ. ತಂತಿ ಸುತ್ತಿದ ಸುರುಳಿ, ನಡುವೆ ಒಂದು ಪಿನ್ನು. ಕರೆಂಟು ಬಂದರೆ ಪಿನ್ನು ಟಕ್ಕೆಂದು ಜರುಗಿ ಎಣ್ಣೆಗೆ ದಾರಿ ಬಿಡುತ್ತದೆ, ಎಣ್ಣೆ ಹೋಗಿ ಗೇರು ಬದಲಾಯಿಸುತ್ತದೆ. ಈ ಹಳೇ ಕಾರಿನ ಕಂಪ್ಯೂಟರಿಗೆ ವೈರು ತುಂಡಾದರೆ ಗೊತ್ತಾಗುತ್ತದೆ, ಪಿನ್ನು ಅಂಟಿಕೊಂಡರೆ ಗೊತ್ತಾಗುವುದಿಲ್ಲ. ಅದಕ್ಕೆ ಕಿವಿ ಕೊಟ್ಟೇ ಕೇಳಬೇಕು.

ಬೇರೆ ಒಂದು ಬ್ಯಾಟರಿಯನ್ನು ನೆಲದ ಮೇಲಿಟ್ಟ. ಅದರ ಒಂದು ವೈರನ್ನು ಗೇರ್‌ಬಾಕ್ಸಿನ ಮೈಗೆ ಕಚ್ಚಿಸಿದ. ಕನೆಕ್ಟರಿನಿಂದ ಬಂದ ಇನ್ನೊಂದು ವೈರಿನ ತುದಿಯನ್ನು ಅಕ್ಕನ ಕೈಗೆ ಕೊಟ್ಟು, ತಾನು ಹೇಳಿದಾಗ ಬ್ಯಾಟರಿಗೆ ಮುಟ್ಟಿಸಿ ತೆಗೆ ಎಂದ. ತಾನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ತಳಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡ. ಅಕ್ಕ ಮುಟ್ಟಿಸಿದಳು. ಒಳಗೆ ಟಕ್. ಮತ್ತೆ ಮುಟ್ಟಿಸಿದಳು, ಮತ್ತೆ ಟಕ್. ಒಂದನೆಯದು ಗಟ್ಟಿಮುಟ್ಟಾಗಿತ್ತು. ಕನೆಕ್ಟರಿನಲ್ಲಿ ವೈರನ್ನು ಎರಡನೇ ಸೊಲೆನಾಯ್ಡಿನ ಕಡೆಗೆ ಬದಲಾಯಿಸಿದ. ಅಕ್ಕ ಮುಟ್ಟಿಸಿದಳು. ಪುಟ್ಟ ಹಿಡಿಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

ಏನು ಕೇಳಿಸಿತು ಎಂದು ಅವಳು ಕೇಳಿದಳು. ಏನೂ ಇಲ್ಲ, ಎಂದ. ಅವಳ ಮುಖ ಇಳಿಯುವುದನ್ನು ಕಂಡು ಅವಸರದಲ್ಲಿ ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟ.

“ಏನೂ ಕೇಳಿಸ್ದೆ ಇರೋದೇ ತಪ್ಪು, ಅಕ್ಕ. ಅದು ಸತ್ತು ಕೂತಿದೆ. ನಿನ್ನ ಕಾಲಿಂದಲ್ಲ, ಅದರಿಂದ.”

ಟೀಚರಕ್ಕ ತಾನೇ ಕಿವಿ ಇಟ್ಟು ಕೇಳಿದಳು. ಮೊದಲನೆಯದರ ಟಕ್, ಎರಡನೆಯದರ ಮೌನ. ಮತ್ತೊಮ್ಮೆ ಕೇಳಿಸು ಎಂದಳು. ಆ ಮೌನವನ್ನು ಅವಳು ಕಣ್ಣು ಮುಚ್ಚಿಕೊಂಡು, ತುಂಬಾ ಹೊತ್ತು, ಹಾಡು ಕೇಳುವವಳ ಹಾಗೆ ಕೇಳಿದಳು. ಆಮೇಲೆ ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟಳು.

“ನಂಗೇ ಅನುಮಾನ ಬಂದುಬಿಟ್ಟಿತ್ತು ಕಣೋ ಪುಟ್ಟ. ಹಾಸಿಗೆಯಲ್ಲಿ ಮಲಗಿ ಕಾಲು ಅಲ್ಲಾಡಿಸಿ ನೋಡ್ಕೋತಿದ್ದೆ. ಇದು ಬ್ರೇಕು, ಇದು ಆಕ್ಸಿಲರೇಟರು, ಅಂತ. ಎಷ್ಟು ಜನಕ್ಕೆ ಹೇಳ್ಕೊಟ್ಟವಳು ನಾನು, ಮಗು ಹಾಗೆ ಪಾಠ ಒಪ್ಪಿಸ್ತಿದ್ದೆ.”

ಪುಟ್ಟನಿಗೆ ತೋಚಿದ್ದು ಒಂದೇ. ಊಟಕ್ಕೆ ಏಳು, ಎಂದ. ಈ ಸಲ ಅವಳು ಎದ್ದಳು.

ಎಲ್ಲವೂ ತಣ್ಣಗಾಗಿತ್ತು. ಹೆಂಡತಿ ಬಿಸಿ ಮಾಡುತ್ತೇನೆ ಎಂದರೆ ಟೀಚರಕ್ಕ ಬಿಡಲಿಲ್ಲ, ಹಾಗೇ ಬಡಿಸಿಕೊಂಡು ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ಚಹಾ ಆಯಿತು. ಅಡ್ಡಾಗಲು ಮಾತ್ರ ಒಪ್ಪಲಿಲ್ಲ, ಆದರೂ ನಾದಿನಿಯೊಡನೆ ಮಾತಿಗೆ ಕೂತವಳು ಇನ್ನೊಂದು ಚಹಾ ಬರುವವರೆಗೂ ಏಳಲಿಲ್ಲ. ಪುಟ್ಟ ಎದ್ದು ಗ್ಯಾರೇಜಿಗೆ ಹೋದ. ಸತ್ತದ್ದನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳೋಣವೆಂದು ತಾನೇ ವೈರು ಮುಟ್ಟಿಸಿ ಕಿವಿಯಿಟ್ಟ.

ಟಕ್.

ಎರಡನೆಯದೇ. ಮತ್ತೆ ಮುಟ್ಟಿಸಿದ. ಟಕ್. ಗೇರ್‌ಬಾಕ್ಸಿನ ಮೇಲೆ ಅಂಗೈ ಇಟ್ಟ. ಕಾವು ಇಳಿದು ಬೆಚ್ಚಗಷ್ಟೇ ಇತ್ತು. ಪುಟ್ಟ ಸ್ಕ್ರೂಡ್ರೈವರನ್ನು ಕಿವಿಗೆ ಆನಿಸಿಕೊಂಡೇ ಕಂಬದ ಹಾಗೆ ನಿಂತ. ಕಾದಾಗ ಪಿನ್ನು ಅಂಟಿಕೊಳ್ಳುತ್ತದೆ, ಆರಿದಾಗ ಬಿಡುತ್ತದೆ. ಅಳಿಯ ಓಡಿಸಿದ್ದು ಬೆಳಿಗ್ಗೆ, ಆರಿದ ಗಾಡಿ. ಮಗಳು ಓಡಿಸಿದ್ದೂ ಹಾಗೇ. ಅಕ್ಕ ಮಾತ್ರ ಮಧ್ಯಾಹ್ನದ ಬಿಸಿಲಲ್ಲಿ ಊರು ಸುತ್ತುವವಳು. ಮತ್ತೆ ತಾನು? ಎರಡು ಸಲವೂ ಕುದಿಯುತ್ತಿದ್ದ ಗಾಡಿ ಅವನ ಗೇಟಿಗೇ ಬಂದು ನಿಂತಿತ್ತು. ಎರಡು ಸಲವೂ ಅಕ್ಕನ ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಊಟ ಹಾಕಿ, ಚಹಾ ಕುಡಿಸಿ, ಮಲಗಿಸಿ, ಆ ಗಾಡಿ ಹದವಾಗಿ ಆರುವವರೆಗೆ ಕಾದು, ಆಮೇಲೆ ಬಂದು ‘ಚೆನ್ನಾಗೇ ಇದೆ’ ಎಂದವನು ಅವನೇ. ಅಕ್ಕನ ಮೇಲೆ ಅಪವಾದ ಹೊರಿಸಿದ್ದು ಬೇರೆ ಯಾರೂ ಅಲ್ಲ, ಅವನ ಮನೆಯ ಊಟ.

ಹಿಂದಿನಿಂದ ಬಂದ ಟೀಚರಕ್ಕನಿಗೆ ಅವನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಅವಳು ಕೇಳಿದಳು. ಮುಖದಲ್ಲಿ ಸಿಟ್ಟು ಬರುತ್ತದೆಂದು ಅವನು ಕಾದ. ಬರಲಿಲ್ಲ.

“ಹಾಗಾದ್ರೆ ಇನ್ಮೇಲೆ ಊಟ ಹಾಕಲ್ವಾ ನಂಗೆ?” ಎಂದಳು.

ಸಂಜೆ ಅವಳ ಮಗಳು ಬಂದಳು. ಅಮ್ಮನ ಮುಖ ಹೇಗೆ ನೋಡಲಿ ಎಂದು ದಾರಿಯುದ್ದಕ್ಕೂ ತಾಲೀಮು ಮಾಡಿಕೊಂಡು ಬಂದವಳ ಹಾಗಿದ್ದಳು. ಪುಟ್ಟ ಅವಳನ್ನು ಕಾರಿನಡಿ ಕರೆದೊಯ್ದು ಸೊಲೆನಾಯ್ಡಿನ ಕಥೆ ಹೇಳಿದ. ಹೊಸದು ಬರಲು ಕೆಲವು ದಿನ ಹಿಡಿಯುತ್ತದೆ, ಹಾಕಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ, ಕುದಿಯುವ ಗಾಡಿಯಲ್ಲಿ ನೀನೂ ನಾನೂ ಕೂತು ನೋಡೋಣ, ಆಮೇಲೆ ಮಗುವನ್ನು ಕಳಿಸು ಎಂದ. ಅವಳು ಕತ್ತೆತ್ತಿ ಗೇರ್‌ಬಾಕ್ಸನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಅಮ್ಮನ ಬಳಿ ಹೋಗಿ ಏನೋ ಹೇಳಲು ಬಾಯಿ ತೆರೆದಳು. ಟೀಚರಕ್ಕ ಅವಳ ಕೆನ್ನೆ ತಟ್ಟಿ, ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ, ಸುಮ್ಮನಿರು ಎಂದಳು. ಮಗಳು ಸುಮ್ಮನಿರಲಿಲ್ಲ, ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು.

ಹೊರಡುವ ಹೊತ್ತಾಯಿತು. ಗಾಡಿ ಇಲ್ಲೇ ಉಳಿಯಬೇಕಲ್ಲ, ಕೀ ಬಿಟ್ಟು ಹೋಗಬೇಕು. ಯಾವ ಗಿರಾಕಿಯಾದರೂ ಹಾಗೇ ಮಾಡುವುದು, ಪುಟ್ಟನ ಗೋಡೆಯ ಮೊಳೆಗಳಲ್ಲಿ ಊರಿನವರ ಕೀಗಳೆಲ್ಲ ನೇತಾಡುತ್ತಿದ್ದವು. ಟೀಚರಕ್ಕ ಲಿಫ್ಟು ಏರುವ ಮೊದಲೇ ಗಾಡಿಯಿಂದ ತೆಗೆದುಕೊಂಡಿದ್ದ ಕೀಯನ್ನು ಚೀಲದಿಂದ ಹೊರತೆಗೆದು ತಮ್ಮನ ಕಡೆ ಚಾಚಿದಳು. ಚಾಚಿದ್ದು ಹೌದು, ಬೆರಳು ಮಾತ್ರ ಬಿಡಿಸಲಿಲ್ಲ. ಬೇಕೆಂದು ಹಿಡಿದುಕೊಂಡದ್ದಲ್ಲ. ಅವಳಿಗೇ ಗೊತ್ತಾಗದೆ ಕೈ ಮುಷ್ಟಿ ಕಟ್ಟಿತ್ತು.

ಪುಟ್ಟ ಆ ಮುಷ್ಟಿಯನ್ನು ತನ್ನ ಗ್ರೀಸು ಮೆತ್ತಿದ ಎರಡೂ ಕೈಗಳಲ್ಲಿ ಹಿಡಿದು, ಇನ್ನಷ್ಟು ಬಿಗಿಯಾಗಿ ಮುಚ್ಚಿ, ಅವಳ ಚೀಲದೊಳಕ್ಕೇ ಇಳಿಸಿದ.

“ಕೀ ನಿನ್ನ ಹತ್ರಾನೇ ಇರಲಿ ಅಕ್ಕ. ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೀನಿ. ಬೇಕಾದಾಗ ತಳ್ಕೊಂಡು ಓಡಾಡ್ತೀನಿ.”

ಟೀಚರಕ್ಕ ಅವನ ಬೋಳು ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಆಮೇಲೆ ಮಗಳ ಗಾಡಿ ಹತ್ತಿ, ಕನ್ನಡಿ ಸರಿ ಮಾಡಿಕೋ ಎಂದು ಅವಳಿಗೆ ಹೇಳಿದಳು.

ಭಾಗ ಬರುವವರೆಗೂ ಆ ಗ್ಯಾರೇಜಿನಲ್ಲಿ ಒಬ್ಬ ಬೋಳುತಲೆಯ ಮೆಕ್ಯಾನಿಕ್ಕು, ಲಿಫ್ಟು ಬೇಕಾದಾಗಲೆಲ್ಲ ಅಕ್ಕನ ಕಾರನ್ನು ಕೆಳಗಿಳಿಸಿ, ಏದುಸಿರು ಬಿಡುತ್ತಾ, ಒಬ್ಬನೇ ತಳ್ಳುತ್ತಿದ್ದ. ನೋಡಿದ ಗಿರಾಕಿಗಳು ಕೀ ಎಲ್ಲಿ ಎಂದು ಕೇಳುತ್ತಿದ್ದರು. ಯಜಮಾನರ ಹತ್ತಿರ ಇದೆ, ಎನ್ನುತ್ತಿದ್ದ.